ಫಲಾನುಭವಿಯ ಹಾಜರಿ

ಬಡವರಿಗೆ ಉಪಕಾರ ಮಾಡುತ್ತೇವೆಂದು ನಾಲ್ಕು ಜನ ಕುರ್ಚಿ ಹಾಕಿಕೊಂಡು ಕೂತರೆ ಸಾಕು, ನಗುವುದಕ್ಕೆ ಬೇರೆ ನಾಟಕ ನೋಡಬೇಕಾಗಿಲ್ಲ. ಹಾಗೆ ಕೂತ ನಾಲ್ವರಲ್ಲಿ ನಾನೂ ಒಬ್ಬ. ಆದ್ದರಿಂದ ನಗುವಾಗ ನನ್ನನ್ನು ಬಿಟ್ಟು ನಗಬೇಡಿ.

ಎಪ್ಪತ್ತರ ದಶಕದ ಕೊನೆಯ ಮಾತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರರ ನಡುವೆ ಎಲ್ಲೋ ಒಂದು ಕಾಲೇಜು ಅಂತಿಟ್ಟುಕೊಳ್ಳಿ. ಯಾವುದೆಂದು ಹೇಳುವುದಿಲ್ಲ. ನಾನಲ್ಲಿ ಕನ್ನಡ ಮೇಷ್ಟ್ರು. ಒಂದು ದಿನ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಬಡ ವಿದ್ಯಾರ್ಥಿಗಳಿಗೆ ಫೀಸು ಮಾಫಿ ಮಾಡಿದರೆ ಸಾಲದು, ಓದಲು ಪುಸ್ತಕ, ಹೆಚ್ಚಿನ ಪಾಠ, ಆರೋಗ್ಯ ತಪಾಸಣೆ ಇವನ್ನೂ ಒದಗಿಸಬೇಕು, ಅದಕ್ಕೊಂದು ಕ್ಷೇಮ ಸಮಿತಿ ಮಾಡಬೇಕು, ವರ್ಷದ ಕೊನೆಗೆ ನಾವೇ ಬಂದು ನೋಡುತ್ತೇವೆ ಅಂತ. ಬರೆದವರು ಯಾರೋ ಪುಣ್ಯಾತ್ಮರು, ಒಳ್ಳೆಯ ಮಾತನ್ನೇ ಬರೆದಿದ್ದರು.

ಪ್ರಿನ್ಸಿಪಾಲರು ನನ್ನನ್ನು ಕರೆದು, "ನೀವೇ ಸಂಚಾಲಕರಾಗಿಬಿಡ್ರೀ" ಅಂದರು.

"ನಾನ್ಯಾಕೆ ಸಾರ್?"

"ಕೆಮಿಸ್ಟ್ರಿಯೋರಿಗೆ ಲ್ಯಾಬ್ ಇದೆ. ಕಾಮರ್ಸ್‌ನೋರಿಗೆ ಟ್ಯೂಷನ್ ಇದೆ. ನಿಮಗೆ ಕರುಣೆ ಬಿಟ್ಟರೆ ಇನ್ನೇನು ಕೆಲಸ ಇದೆ ಕಣ್ರೀ?"

೧. ಕೈ ಎತ್ತಿ

ಮೊದಲು ಬಡವರನ್ನು ಹುಡುಕಬೇಕಲ್ಲ. ಪ್ರಿನ್ಸಿಪಾಲರು ಸುಲಭದ ದಾರಿ ಕಂಡುಕೊಂಡರು. ಕೊನೆಯ ವರ್ಷದ ಬಿ.ಎ. ತರಗತಿಗೆ ನನ್ನನ್ನೂ ಕರೆದುಕೊಂಡು ಹೋಗಿ, ಹುಡುಗಿಯರ ಮುಂದೆಯೇ, "ಯಾರ್ಯಾರು ಬಡವರು, ಕೈ ಎತ್ರಪ್ಪ" ಅಂದರು. ಒಂದು ಕೈಯೂ ಏಳಲಿಲ್ಲ. "ನಾಚ್ಕೋಬಾರದು, ಬಡತನ ಏನೂ ಅಪರಾಧ ಅಲ್ಲ" ಅಂತ ಎರಡನೇ ಸಲ ಕೇಳಿದರು, ಕಳ್ಳರನ್ನು ವಿಚಾರಿಸುವ ದನಿಯಲ್ಲಿ.

ಆಗ ಮೂರು ಕೈ ಎದ್ದವು. ಮೂವರಿಗೂ ತೋಟವಿತ್ತು. ಅದರಲ್ಲಿ ಒಬ್ಬ ಬಿಳಿಗೆರೆಯವನು. ಕೊಬ್ಬರಿಗೆಂದು ತುಂಬಿದ ಕಾಯಿಯ ಭಾರಕ್ಕೆ ಅವನ ಮನೆಯ ಅಟ್ಟದ ತೊಲೆ ಬಗ್ಗಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಏನಪ್ಪಾ ನೀನೂ ಬಡವನೇ ಅಂದರೆ, "ಈ ವರ್ಷ ಕೊಬ್ಬರಿ ರೇಟು ಬಿದ್ದೋಯ್ತಲ್ಲ ಸಾರ್" ಅಂದ.

ಕೊನೆಯ ಬೆಂಚಿನಲ್ಲಿ ದಂಡಿನಶಿವರದ ಹುಡುಗನೊಬ್ಬನಿದ್ದ. ಅವನಪ್ಪ ಕಂಡವರ ತೋಟದಲ್ಲಿ ಕಾಯಿ ಸುಲಿಯುವವರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಕುಕ್ಕಿ ಅವರ ಸೊಂಟ ಬಿದ್ದುಹೋಗಿತ್ತು. ಅಪ್ಪನ ಪಾಲಿನ ಕಾಯಿಯಲ್ಲಿ ಅರ್ಧವನ್ನು ಬೆಳಗ್ಗೆ ತಾನೇ ಸುಲಿದು, ಆಮೇಲೆ ಇವನು ಬಸ್ಸು ಹತ್ತಬೇಕು. "ನಾನು ಬಿ.ಎ. ಪಾಸಾಗಿ ಒಂದ್ ಕೆಲ್ಸ ಹಿಡಿದ್ರೆ ಅಪ್ಪಂಗೆ ಆ ಮೊನೆ ತಪ್ತದೆ ಸಾ" ಅಂತ ಒಮ್ಮೆ ನನ್ನ ಹತ್ತಿರ ಹೇಳಿದ್ದ. ಆ ಮನೆಯಲ್ಲಿ ಹೈಸ್ಕೂಲು ದಾಟಿದವನು ಅವನೊಬ್ಬನೇ.

ಅವನು ಕೈ ಎತ್ತಿರಲಿಲ್ಲ. ಹೊರಗೆ ಬಂದ ಮೇಲೆ ತಡೆದು, "ನೀನ್ಯಾಕಯ್ಯ ಎತ್ತಲಿಲ್ಲ?" ಅಂದೆ.

"ಎತ್ತಿದ್ರೆ ಕಂಕುಳಲ್ಲಿ ಅಂಗಿ ಹರಿದಿರೋದು ಕಾಣ್ತಿತ್ತಲ್ಲ ಸಾ" ಅಂದ.

೨. ಪುಸ್ತಕ ಬ್ಯಾಂಕು

ಅವನ ಹೆಸರನ್ನು ಪಟ್ಟಿಗೆ ನಾನೇ ಸೇರಿಸಿದೆ. ಅಷ್ಟರಲ್ಲಿ ಪುಸ್ತಕಗಳು ಬಂದವು. ಹೊಸ ಗಾಜಿನ ಬೀರು, ಒಳಗೆ ಘಮಘಮ ಅನ್ನುವ ಹೊಸ ಪುಸ್ತಕ. ಬಡ ವಿದ್ಯಾರ್ಥಿಗಳು ವರ್ಷವಿಡೀ ಮನೆಯಲ್ಲಿಟ್ಟುಕೊಂಡು ಓದಿ, ಪರೀಕ್ಷೆ ಮುಗಿದ ಮೇಲೆ ಹಿಂದಕ್ಕೆ ಕೊಡಬೇಕು. ಅದಕ್ಕೇ ಬ್ಯಾಂಕು ಅಂತ ಹೆಸರು.

ನಮ್ಮ ಲೈಬ್ರೇರಿಯನ್ನರು ಅದನ್ನು ನಿಜವಾಗಿಯೂ ಬ್ಯಾಂಕೇ ಮಾಡಿದರು. ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಪುಸ್ತಕ ಬೇಕಾದವನು ತೋಟವಿರುವ ಒಬ್ಬ ಜಾಮೀನುದಾರನನ್ನು ಕರೆತರಬೇಕು, ಪಹಣಿ ತೋರಿಸಬೇಕು ಅಂದರು.

"ತೋಟದೋರು ಜಾಮೀನು ನಿಲ್ಲೋ ಹಂಗಿದ್ರೆ ಅವನ್ಯಾಕೆ ಬಡವ ಆಗ್ತಿದ್ದ ಸ್ವಾಮಿ?" ಅಂತ ನಾನು ಜಗಳಕ್ಕೆ ನಿಂತೆ.

"ಕೊಟ್ಟರೆ ಹಾಳೆ ಹರಿದುಕೊಂಡು ಬರ್ತಾವೆ ಮೇಷ್ಟ್ರೇ. ನಾಳೆ ತಪಾಸಣೆಗೆ ಬಂದೋರು ಪುಸ್ತಕ ಯಾಕೆ ಹಳೇದಾಗಿದೆ ಅಂತ ಕೇಳಿದರೆ ನೀವು ಉತ್ತರ ಹೇಳ್ತೀರಾ?"

ಬಿಳಿಗೆರೆಯವನಿಗೆ ಜಾಮೀನು ನಿಲ್ಲಲು ಅವನ ಅಪ್ಪನೇ ಇದ್ದ. ಪುಸ್ತಕವೂ ಸಿಕ್ಕಿತು. ದಂಡಿನಶಿವರದವನು ಬೀರುವಿನ ಮುಂದೆ ಒಂದು ಗಳಿಗೆ ನಿಂತಿದ್ದು ಬಂದ. ಏನಾಯ್ತಪ್ಪ ಅಂದೆ.

"ಗಾಜಿನ ಆಚೆಯಿಂದ ಹೆಸರೆಲ್ಲಾ ಓದಿ ಮುಗಿಸ್ದೆ ಸಾ. ಒಳಗಿಂದು ಪರೀಕ್ಷೇಲಿ ಕೇಳ್ದೆ ಇದ್ರೆ ಪಾಸಾಯ್ತೀನಿ."

೩. ಹೆಚ್ಚಿನ ಪಾಠ

ಹಳ್ಳಿಯ ಹುಡುಗರಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಸಂಜೆ ಐದರಿಂದ ಆರೂವರೆವರೆಗೆ ಹೆಚ್ಚಿನ ಪಾಠ ಇಟ್ಟರು. ದಂಡಿನಶಿವರದ ಕಡೆಗೆ ಕೊನೆಯ ಬಸ್ಸು ಐದೂಕಾಲಿಗೆ. ಹಾಗಾಗಿ ಪಾಠಕ್ಕೆ ಬರುತ್ತಿದ್ದವರು ಕಾಲೇಜಿನ ಬೇಲಿಯಾಚೆ ಮನೆಯಿದ್ದ ವಕೀಲರ, ಡಾಕ್ಟರ ಮಕ್ಕಳು. ಅವರು ಬೈಯುವುದನ್ನೂ ಇಂಗ್ಲಿಷಿನಲ್ಲೇ ಬೈಯುತ್ತಿದ್ದರು.

ಬೆಳಗ್ಗೆ ಇಡೋಣ ಸಾರ್ ಅಂದೆ ಪ್ರಿನ್ಸಿಪಾಲರಿಗೆ. ಅವರು ಸುತ್ತೋಲೆ ತೆಗೆದು ಬೆರಳಿಟ್ಟು ತೋರಿಸಿದರು. 'ತರಗತಿಗಳು ಮುಗಿದ ನಂತರ' ಅಂತ ಸ್ಪಷ್ಟವಾಗಿತ್ತು. "ಒಂದು ಬಸ್ಸಿಗೋಸ್ಕರ ವಿಶ್ವವಿದ್ಯಾಲಯಾನ ತಿದ್ದೋಕಾಗುತ್ತೇನ್ರೀ?"

ಒಂದು ದಿನವಾದರೂ ಕೂತು ಕೇಳು ಅಂತ ಆ ಹುಡುಗನಿಗೆ ನಾನೇ ಬುದ್ಧಿ ಹೇಳಿದೆ. ಮಾತಿಗೆ ಬೆಲೆ ಕೊಟ್ಟು ಕೂತ. ಬಸ್ಸು ಹೋಯಿತು. ಊರಿಗೆ ನಡೆದುಕೊಂಡು ಹೋದ. ಬೆಳಗ್ಗೆ ಕಾಯಿ ಸುಲಿಯುವುದು ತಡವಾಗಿ, ಮೊದಲ ಎರಡು ಪಿರಿಯಡ್ಡು ತಪ್ಪಿ ಗೈರುಹಾಜರಿ ಬಿತ್ತು. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಸುಗ್ಗಿಯಲ್ಲಿ ತೋಟದ ಯಜಮಾನರು ಅವನನ್ನು ಕೆಲಸಕ್ಕೆ ಹಿಡಿದು ನಿಲ್ಲಿಸಿಕೊಂಡ ದಿನಗಳು ಬೇರೆ ಇದ್ದವು.

"ಹೆಚ್ಚಿನ ಪಾಠ ಹೆಂಗಿತ್ತಪ್ಪಾ?" ಅಂತ ಕೇಳಿದೆ, ಪೆದ್ದನ ಹಾಗೆ.

"ದೂರ ಆಯ್ತು ಸಾ" ಅಂದ.

೪. ಚೀಟಿ

ಆರೋಗ್ಯ ತಪಾಸಣೆಗೆ ಬಂದ ಡಾಕ್ಟರು ಒಳ್ಳೆಯವರು, ಅವಸರದವರು. ನಾಲಿಗೆ ನೋಡಿದರು, ಕಣ್ಣಿನ ರೆಪ್ಪೆ ಎಳೆದರು, ಇವನಿಗೆ ರಕ್ತ ಕಡಿಮೆ ಅಂದರು. ದಿನಾ ಹಾಲು, ಮೊಟ್ಟೆ, ಹಣ್ಣು, ಒಂದು ಎಳನೀರು, ಸಾಕಷ್ಟು ವಿಶ್ರಾಂತಿ ಅಂತ ಚೀಟಿ ಬರೆದುಕೊಟ್ಟರು.

ಅವನು ಅದನ್ನು ಎರಡು ಸಲ ಓದಿ ಮಡಿಚಿ ಜೇಬಿಗಿಟ್ಟುಕೊಂಡು ಕೇಳಿದ: "ಇದನ್ನ ಕಾಲೇಜಲ್ಲಿ ಕೊಡ್ತಾರಾ ಸಾ, ಇಲ್ಲಾ ಓದ್ಕೊಂಡ್ರೆ ಸಾಕಾ?"

೫. ಎಳನೀರು

ವರ್ಷದ ಕೊನೆಗೆ ವಿಶ್ವವಿದ್ಯಾಲಯದ ಕಮಿಟಿ ಬಂತು. ಗೋಡೆಗೆ ಸುಣ್ಣ ಬಳಿಸಿದ್ದೆವು. ಪುಸ್ತಕದ ಬೀರುವಿಗೆ ಹೂವಿನ ಹಾರ ಹಾಕಿದ್ದೆವು, ಸತ್ತವರ ಫೋಟೋಗೆ ಹಾಕಿದ ಹಾಗೆ. ತೋರಿಸುವುದಕ್ಕೆ ಒಬ್ಬ ಫಲಾನುಭವಿ ಬೇಕಲ್ಲ, ದಂಡಿನಶಿವರದವನಿಗೆ ಹೇಳಿಕಳಿಸಿದ್ದೆವು. ಪಾಪ, ಭಾವನ ಇಸ್ತ್ರಿ ಅಂಗಿ ಎರವಲು ತೊಟ್ಟುಕೊಂಡು ಬಂದಿದ್ದ.

ಕಾರಿಳಿದವರಿಗೆ ಎಳನೀರು ಕೊಡಬೇಕು. ಗೊನೆಗಟ್ಟಲೆ ತಂದು ಅಂಗಳದಲ್ಲಿ ಒಟ್ಟಿದ್ದರು. ಕೊಚ್ಚುತ್ತೇನೆಂದು ಒಪ್ಪಿಕೊಂಡಿದ್ದ ಆಳು ಯಾರದೋ ತಿಥಿ ಊಟಕ್ಕೆ ಹೋಗಿಬಿಟ್ಟಿದ್ದ. ಪ್ರಿನ್ಸಿಪಾಲರು ಸುತ್ತ ನೋಡಿದರು. ಅವರ ಕಣ್ಣು ಇಸ್ತ್ರಿ ಅಂಗಿಯ ಮೇಲೆ ಬಿತ್ತು.

"ನಿನಗೆ ಕೈ ಪಳಗಿದೆಯಲ್ಲಪ್ಪ. ಸ್ವಲ್ಪ ಕೊಚ್ಚಿಕೊಡು, ಕಾಲೇಜಿನ ಮಾನ ಉಳಿಸು."

ಹುಡುಗ ನನ್ನ ಕಡೆ ನೋಡಿದ. "ಸಾ, ಈಗ ನಿಮ್ ಪಿರಿಯಡ್ಡು. ನಂಗೆ ಹಾಜರಿ ಭಾಳ ಕಮ್ಮಿ ಅದೆ."

"ಹೋಗಪ್ಪ, ನಾನು ನೋಡ್ಕೋತೀನಿ" ಅಂದೆ. ಈ ಮಾತನ್ನು ಹೇಳಿದವನು ನಾನು. ಅವನು ಅಂಗಿ ಕಳಚಿ ಮರಕ್ಕೆ ನೇತುಹಾಕಿ ಮಚ್ಚು ಹಿಡಿದ.

ನಾನು ತರಗತಿಗೆ ಬಂದೆ. ಹಿಂದೆಯೇ ಕಮಿಟಿಯ ಅಧ್ಯಕ್ಷರೂ ಬಂದರು. ಪಾಠ ಹೇಗೆ ನಡೆಯುತ್ತದೆ ನೋಡೋಣ, ನೀವು ಮುಂದುವರಿಸಿ ಅನ್ನುತ್ತ ಹೋಗಿ ಕೊನೆಯ ಬೆಂಚಿನಲ್ಲಿ ಕೂತರು, ಸರಿಯಾಗಿ ಆ ಹುಡುಗನ ಜಾಗದಲ್ಲಿ. ನಾನು ಹಾಜರಿ ಕರೆದೆ. ಅವನ ನಂಬರು ಬಂತು. ಉತ್ತರವಿಲ್ಲ. ಕಿಟಕಿಯಾಚೆ ಮಚ್ಚಿನ ಸದ್ದು, ಕಚಕ್, ಕಚಕ್. ಹುಡುಗರೆಲ್ಲ ನನ್ನ ಮುಖ ನೋಡಿದರು. ಅಧ್ಯಕ್ಷರೂ ನೋಡಿದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಗೈರುಹಾಜರಿ ಹಾಕಿದೆ. ಸಂಜೆ ತಿದ್ದಿದರಾಯಿತು ಅಂದುಕೊಂಡೆ. ಅಧ್ಯಕ್ಷರು ಏಳುವಾಗ ರಿಜಿಸ್ಟರು ಇಸಕೊಂಡು, ಬಹಳ ಶಿಸ್ತು ಅಂತ ಮೆಚ್ಚಿ, ಆ ಪುಟದ ಕೆಳಗೆ ಸಹಿ ಹಾಕಿದರು.

ಹೊರಗೆ ಬಂದು ಎಳನೀರು ಕುಡಿಯುತ್ತ, "ಯಾರಿವನು?" ಅಂದರು.

"ಇವನೇ ಸರ್, ನಮ್ಮ ಫಲಾನುಭವಿ" ಅಂದರು ಪ್ರಿನ್ಸಿಪಾಲರು.

"ಭೇಷ್! ಕಲಿಕೆಯ ಜೊತೆಗೆ ದುಡಿಮೆ! ಇದನ್ನ ಬರ್ಕೊಳ್ರೀ" ಅಂತ ಅಧ್ಯಕ್ಷರು ಪಕ್ಕದವರಿಗೆ ಹೇಳಿ, ಹುಡುಗನ ಕಡೆ ತಿರುಗಿದರು. "ಕಾಲೇಜಿನೋರು ನಿನಗೆ ಏನೇನು ಸೌಲಭ್ಯ ಕೊಟ್ಟಿದಾರಪ್ಪ?"

ಅವನು ಬೆವರು ಒರೆಸಿಕೊಂಡ. "ಪುಸ್ತಕ ನೋಡಕ್ಕೆ ಬುಟ್ಟವ್ರೆ ಸಾ. ಬಸ್ ಹೋದ್ಮೇಲೆ ಪಾಠ ಮಾಡವ್ರೆ. ಹಾಲು ಮೊಟ್ಟೆಗೆ ಚೀಟಿ ಕೊಟ್ಟವ್ರೆ. ಇವತ್ತು ಮಚ್ಚು ಕೊಟ್ಟವ್ರೆ."

ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗನಿಗೆ ಹಾಸ್ಯಪ್ರಜ್ಞೆ ಇದೆ ಅಂದರು. ಫೋಟೋ ತೆಗೆಸಿದರು.

೬. ಎರಡು ಕಾಗದ

ಪರೀಕ್ಷೆಗೆ ಮುಂಚೆ ಒಂದೇ ವಾರದಲ್ಲಿ ಎರಡು ಕಾಗದ ನನ್ನ ಮೇಜಿಗೆ ಬಂದವು. ಒಂದು ಕಮಿಟಿಯ ವರದಿ. ಈ ಕಾಲೇಜು ಬಡ ವಿದ್ಯಾರ್ಥಿಗಳನ್ನು ಮಕ್ಕಳಂತೆ ನೋಡಿಕೊಳ್ಳುತ್ತದೆ, ಇತರರಿಗೆ ಮಾದರಿ ಅಂತ. ಇನ್ನೊಂದು ಹಾಜರಿ ಸಾಲದೆ ಪರೀಕ್ಷೆಗೆ ಕೂರುವಂತಿಲ್ಲದವರ ಪಟ್ಟಿ. ಮೊದಲ ಹೆಸರೇ ಅವನದು. ಬೇಕಾದದ್ದಕ್ಕಿಂತ ಒಂದೇ ಒಂದು ಪಿರಿಯಡ್ಡು ಕಡಿಮೆ.

ಪ್ರಿನ್ಸಿಪಾಲರ ಹತ್ತಿರ ಓಡಿದೆ. "ಆ ದಿನ ಅವನು ಕಾಲೇಜಿನ ಕೆಲಸದಲ್ಲೇ ಇದ್ದ ಸಾರ್. ನೀವೇ ಕಳಿಸಿದ್ದು. ಅದೊಂದನ್ನ ತಿದ್ದಿಬಿಡ್ತೀನಿ."

"ಆ ಪುಟಕ್ಕೆ ಅಧ್ಯಕ್ಷರ ಸಹಿ ಇದೆ ಕಣ್ರೀ. ತಿದ್ದಿದರೆ ಮೋಸ ಆಗುತ್ತೆ. ಒಬ್ಬ ಬಡವನಿಗೋಸ್ಕರ ಬಡವರ ಸಮಿತಿಗೇ ಕೆಟ್ಟ ಹೆಸರು ತರ್ತೀರಾ?"

ಅವರ ತಲೆಯ ಹಿಂದೆ, ಗೋಡೆಯ ಮೇಲೆ, ಆ ಹುಡುಗ ಮಚ್ಚು ಹಿಡಿದು ನಗುತ್ತಿದ್ದ ಫೋಟೋ ಕಟ್ಟು ಹಾಕಿಸಿಕೊಂಡು ಕೂತಿತ್ತು. ನಾನು ನನ್ನ ಮೇಜಿಗೆ ಹಿಂದಿರುಗಿದೆ. ಸಂಚಾಲಕನಾಗಿ ವರದಿಯ ಪ್ರತಿಗೂ ಸಹಿ ಹಾಕಿದೆ, ಮೇಷ್ಟ್ರಾಗಿ ಪಟ್ಟಿಗೂ ಹಾಕಿದೆ. ಒಂದೇ ಪೆನ್ನು. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಬಸ್ಸು ಹತ್ತಿ ದಂಡಿನಶಿವರಕ್ಕೆ ಹೋದೆ. ತೋಟದಲ್ಲಿ ಅಪ್ಪ ಒಂದು ಮೊನೆಯ ಮುಂದೆ, ಮಗ ಇನ್ನೊಂದು ಮೊನೆಯ ಮುಂದೆ ನಿಂತಿದ್ದರು. ಸುದ್ದಿ ಆಗಲೇ ಮುಟ್ಟಿತ್ತು. ನನ್ನನ್ನು ಕಂಡು ಅಪ್ಪ ಸೊಂಟ ಹಿಡಿದುಕೊಂಡು ನೆಟ್ಟಗಾಗಿ ಕೈಮುಗಿದರು. "ಮೇಷ್ಟ್ರು ಬಂದವ್ರೆ, ಎಳ್ನೀರು ಕೊಡ್ಲಾ ಮಗ" ಅಂತ ಮಗನಿಗೆ ಹೇಳಿದರು. ಅವರಿಗೆ ನನ್ನ ಮೇಲೆ ಸಿಟ್ಟೇ ಇರಲಿಲ್ಲ. ನನಗೆ ಅದೇ ತಡೆಯಲಾಗಲಿಲ್ಲ.

"ತಪ್ಪು ನಂದು ಕಣಪ್ಪ" ಅಂದೆ ಹುಡುಗನಿಗೆ. "ಮುಂದಿನ ವರ್ಷ ಮತ್ತೆ ಸೇರ್ಕೋ. ನಾನು ನೋಡ್ಕೋತೀನಿ."

"ಬುಡಿ ಸಾ. ಒಂದ್ ಸಲ ನೋಡ್ಕೊಂಡಿದ್ದೇ ಸಾಕು" ಅಂತ ನಕ್ಕ. ಎಳನೀರು ಕೊಚ್ಚಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ನಾನು ಕುಡಿದು ಮುಗಿಸುವವರೆಗೂ ಮರ್ಯಾದೆಯಿಂದ ಕಾದಿದ್ದು, ಆಮೇಲೆ ಹೇಳಿದ:

"ಮುಂದಿನ ಸಲ ಕಮಿಟಿ ಬಂದಾಗ ಹೇಳ್ಕಳ್ಸಿ ಸಾ. ಬಂದು ಕೊಚ್ಕೊಟ್ಟು ಹೋಯ್ತೀನಿ. ಹಾಜರಿ ಮಾತ್ರ ಮೊದ್ಲೇ ಹಾಕ್ಬುಡಿ."