ಕಾಶಿಗೆ ರಿಯಾಯಿತಿ ವಿಮಾನ

ಗಂಡಸರ ಚಟಗಳಲ್ಲಿ ಕೆಲವಕ್ಕೆ ಸಮಾಜದ ಮನ್ನಣೆ ಇದೆ. ಕುಡಿದರೆ 'ಪಾಪ, ಏನೋ ಚಿಂತಿ' ಅನ್ನುತ್ತಾರೆ. ಇಸ್ಪೀಟು ಆಡಿದರೆ 'ದೀಪಾವಳಿ ಬಂತಲ್ಲ' ಅನ್ನುತ್ತಾರೆ. ಆದರೆ ತಲೆ ನರೆತವನೊಬ್ಬ ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಕೈಯಲ್ಲಿ ಜಾಯ್‌ಸ್ಟಿಕ್ ಎಂಬೊಂದು ಕೋಲು ಹಿಡಿದು ವಿಮಾನ ಹಾರಿಸಿದರೆ ಮಾತ್ರ ಯಲಬುರ್ಗಾದಿಂದ ಹೆಂಡತಿಯ ತವರಿನವರು ಬಂದು, ಬಾಗಿಲಲ್ಲೇ ನಿಂತು ನೋಡಿ, ಧಾರವಾಡಕ್ಕೆ ಬಸ್ಸು ಎಷ್ಟು ಹೊತ್ತಿಗೆ ಅಂತ ತಮ್ಮತಮ್ಮಲ್ಲೇ ವಿಚಾರಿಸುತ್ತಾರೆ. (ಧಾರವಾಡದಲ್ಲಿ ವಿದ್ಯಾಲಯವೂ ಇದೆ, ತಲೆ ರಿಪೇರಿಯ ಆಸ್ಪತ್ರೆಯೂ ಇದೆ. ನನ್ನ ವಿದ್ಯಾಭ್ಯಾಸದ ವಯಸ್ಸಂತೂ ಮುಗಿದಿದೆ.)

ನಾನು ಗುರುಬಸವ. ಕುಷ್ಟಗಿಯಲ್ಲಿ ದಾಳಿಂಬೆ ತೋಟಗಳಿಗೆ ಹನಿ ನೀರಾವರಿಯ ಪೈಪು ಮಾರುತ್ತೇನೆ. ಹಗಲೆಲ್ಲ ನೆಲಕ್ಕೆ ಅಂಟಿಕೊಂಡ ವ್ಯಾಪಾರ. ಸಂಜೆ ಆಕಾಶಕ್ಕೆ ಏರುತ್ತೇನೆ. ವಿಮಾನ ಹಾರಿಸುವ ಈ ಕಂಪ್ಯೂಟರ್ ಆಟವನ್ನು ಒಮ್ಮೆ ಕೊಂಡರೆ ಜೊತೆಗೆ ನಾಲ್ಕಾರು ವಿಮಾನ ಬರುತ್ತವೆ. ಉಳಿದವನ್ನು ಬೇರೆಯಾಗಿ ಕೊಳ್ಳಬೇಕು. ಹಬ್ಬದ ಸೀರೆಗಿದ್ದಂತೆ ಅವಕ್ಕೂ ರಿಯಾಯಿತಿಯ ಕಾಲವಿದೆ. ಗದಗಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಬೆತ್ತ ಹಿಡಿದು ಕಲಿಸಿದ ಇಂಗ್ಲಿಷಿನಲ್ಲಿ ನನಗೆ ಇಂದಿಗೂ ದಕ್ಕಿರುವುದು 'ಸೇಲ್' ಎಂಬ ಒಂದೇ ಪದ. ಅದು ಕಂಡೊಡನೆ ನಾನು ಕೊಂಡೆ. ಹೀಗಾಗಿ ಬೆಲೆ ಇಳಿದಾಗ ಕೊಳ್ಳುವುದು ಕಲಿತೆ. ಕೊಂಡದ್ದನ್ನು ಇಳಿಸುವುದು ಕಲಿಯಲಿಲ್ಲ. ನನ್ನ ವಿಮಾನಗಳೆಲ್ಲ ಏರುವುದರಲ್ಲಿ ಗಂಭೀರ, ಇಳಿಯುವುದರಲ್ಲಿ ಕಾಲಾಧೀನ.

"ಇದೇನ್ರೀ ಇದು? ವಿಮಾನದ ತಳಕ್ಕ ದೋಣಿ ಕಟ್ಯಾರ?" ಹೊಸದು ಬಂದ ದಿನ ನನ್ನ ಹೆಂಡತಿ ಶೈಲಜಾ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ನೀರಿನ ಮ್ಯಾಲೆ ಇಳಿಯೋ ವಿಮಾನ. ಅರ್ಧಕ್ಕಿಂತ ಕಡಿಮಿಗೆ ಬಂತು."

"ನಳಕ್ಕ ನೀರು ಬರೋದ ಕಾಣವಲ್ದು ಈ ಊರಾಗ. ಇಳಸೂದೆಲ್ಲಿ? ಮಾಳಿಗಿ ಮ್ಯಾಲಿನ ಟಾಕ್ಯಾಗ?"

"ಅದಕ್ಕ ಸಣ್ಣ ಗಾಲಿನೂ ಅದಾವ. ನೆಲದ ಮ್ಯಾಲೂ ಇಳೀತೈತಿ."

"ಹಿಂದ ತಂದಿದ್ದು ಎಲ್ಲಿ ಹೋತು? ಆ ಕೆಂಪಂದು?"

"ಅದು... ಗುಡ್ಡಕ್ಕ ಬಡೀತು."

"ಛಲೋ ಆತು. ಮನಿಗೆ ವಿಮಾನ ಬಂದ್ವು, ಮಾನ ಹೊಂಟು ಹೋತು."

(ಮದುವೆಯಾದಾಗ ಅವಳಿಗೆ ಶ್ಲೇಷೆ ಬರುತ್ತಿರಲಿಲ್ಲ. ನನ್ನಿಂದ ಕಲಿತು ನನ್ನ ಮೇಲೇ ಹಾರಿಸುತ್ತಾಳೆ.)

ನಗುವವರು ಇಷ್ಟರಲ್ಲೇ ನಕ್ಕು ಮುಗಿಸಿಬಿಡಿ. ಮುಂದೆ ಅವ್ವನ ಕಾಲು ಬರುತ್ತದೆ.

ಅವ್ವ ವಿರೂಪಾಕ್ಷಮ್ಮನ ತವರು ಮಂಗಳೂರು. ಸಮುದ್ರದ ಮಂಗಳೂರಲ್ಲ, ಕುಕನೂರಿನ ಹತ್ತಿರದ ಮಂಗಳೂರು. ಉಪ್ಪುನೀರನ್ನೇ ಕಾಣದ ಆ ಊರಿನವಳಾದ್ದರಿಂದಲೋ ಏನೋ ಅವಳ ಮೈಯೆಲ್ಲ ಸಕ್ಕರೆ. ಎಡಗಾಲಿನ ಎರಡು ಬೆರಳು ಆಗಲೇ ಹೋಗಿದ್ದವು, ಪಾದದಲ್ಲಿ ಮಾಯದ ಹುಣ್ಣು. ಕೊಪ್ಪಳದ ಡಾಕ್ಟರು ನನ್ನನ್ನು ಬಾಗಿಲಾಚೆ ಕರೆದು, "ಸಿಹಿ ಇವತ್ತ ನಿಲ್ಲಿಸ್ರಿ. ಇಲ್ಲಂದ್ರ ಮುಂದಿನ ಸಲ ಬೆರಳಲ್ಲ, ಕಾಲು" ಅಂದಿದ್ದರು.

ಅವ್ವ ಮಾತ್ರೆ ಬಿಟ್ಟಳು, ಪಥ್ಯ ಬಿಟ್ಟಳು, ಸಿಹಿಯನ್ನು ಮಾತ್ರ ಬಿಡಲಿಲ್ಲ. ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿಗೆ ಬೀಗ ಬಿದ್ದರೆ, ಪಕ್ಕದ ಮನೆಯ ನೂರಜಾನಬಿ ಕಂಪೌಂಡಿನ ಮೇಲಿಂದ ಬಟ್ಟಲು ದಾಟಿಸುತ್ತಿದ್ದಳು. ಬೈದರೆ ಅವ್ವನ ಉತ್ತರ ಒಂದೇ:

"ಬಿಡ್ತೀನಪಾ. ಬಿಡಂಗಿಲ್ಲ ಅಂತ ಯಾರ ಅಂದಾರ? ಕಾಶಿಗೆ ಹೋದಾಗ ಬಿಡ್ತೀನಿ. ಬಿಡೂದಂದ್ರ ಅಲ್ಲೇ ಬಿಡಬೇಕು, ಕುಷ್ಟಗ್ಯಾಗ ಬಿಟ್ರ ನಿಲ್ಲಂಗಿಲ್ಲ."

ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕು, ಮತ್ತೆ ಜನ್ಮದಲ್ಲಿ ಮುಟ್ಟಬಾರದು. ಇದು ಪದ್ಧತಿ. ನಮ್ಮೂರಿನಿಂದ ಹೋದ ಬಹುಪಾಲು ಭಕ್ತರು ಹಾಗಲಕಾಯಿ ಬಿಟ್ಟು ಬಂದಿದ್ದಾರೆ. ಗಂಗೆಯ ದಂಡೆಯಲ್ಲಿ ಈಗ ಕುಷ್ಟಗಿ ತಾಲೂಕಿನದೇ ಒಂದು ಹಾಗಲಬಳ್ಳಿಯ ತೋಟ ಹಬ್ಬಿರಬೇಕು. ಆದರೆ ಅವ್ವ ನೇಮದವಳು. ಬಿಟ್ಟೆ ಅಂದರೆ ಬಿಟ್ಟಳು. ತೊಂದರೆ ಒಂದೇ: ಆ ಹುಣ್ಣು ಕಟ್ಟಿಕೊಂಡು ಅವಳು ಕೊಪ್ಪಳಕ್ಕೆ ಹೋಗಿ ಬರುವುದೇ ಕಷ್ಟ, ಕಾಶಿಗೆ ಹೋಗುವುದೆಲ್ಲಿ!

ಆಗ ನನ್ನ ತಲೆಯಲ್ಲಿ ಆ ದಿವ್ಯ ಜ್ಯೋತಿ ಹೊತ್ತಿಕೊಂಡಿತು. ಕಾಶಿಯಲ್ಲಿ ಗಂಗೆಯಿದೆ. ನನ್ನ ಬಳಿ ನೀರಿನ ಮೇಲೆ ಇಳಿಯುವ ವಿಮಾನವಿದೆ.

"ಅದು ಆಟದ ಸಾಮಾನಲ್ಲೇನೋ ಗುರು?" ಅವ್ವ ಕೇಳಿದಳು.

"ಆಟ ಅಂತ ಜನ ಅಂತಾರವ್ವ. ನದಿ ಖರೇ, ಘಾಟು ಖರೇ, ಗುಡಿ ಶಿಖರ ಖರೇ. ದೇವರ ಫೋಟೋಕ್ಕ ದಿನಾ ಕೈ ಮುಗೀತಿ, ಅದೂ ಕಾಗದ ಅಲ್ಲೇನು?"

ಅವ್ವ ಗೋಡೆಯ ಮೇಲಿನ ಫೋಟೋ ನೋಡಿದಳು, ಕಂಪ್ಯೂಟರ್ ನೋಡಿದಳು, ಕೊನೆಗೆ ನನ್ನ ಮುಖ ನೋಡಿದಳು.

"ಖರೇ ಕಾಶಿ ಅಂತಿ?"

"ಖರೇ ಕಾಶಿ."

"ಬಾಯಿ ತುಂಬ ಹೇಳು. ನಾಳಿಗಿ ಬದಲಿಸಬಾರದು."

"ಖರೇ ಕಾಶಿನ ಅವ್ವ. ಆಣಿ."

ಶೈಲಜಾ ಒಳಗೆ ಕರೆದು, "ಅತ್ತಿ ಸಿಹಿ ಬಿಟ್ರಂದ್ರ ನಿಮ್ಮ ವಿಮಾನಕ್ಕ ನಾನ ಆರತಿ ಎತ್ತೀನಿ" ಅಂದಳು. ಅವಳ ಕಣ್ಣಲ್ಲಿ ನನ್ನ ಬಗ್ಗೆ ಗೌರವ ಕಂಡೆ. ಹೊಸ ಅನುಭವ, ಸ್ವಲ್ಪ ಹೆದರಿಕೆಯೂ ಆಯಿತು.

ಶ್ರಾವಣದ ಸೋಮವಾರ ಹೊರಟೆವು. ಅವ್ವ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟಳು. ದಾರಿಯ ಬುತ್ತಿಗೆ ಬೆಲ್ಲದ ಮಾದಲಿಯೇ ಬೇಕೆಂದು ಹಟ ಹಿಡಿದಳು.

"ಬಿಡೂಕಿಂತ ಮೊದಲ ಕಡೀ ಸಲ ತಿನ್ನಬಾರದೇನವಾ?" ಎಂದಳು ಸೊಸೆಗೆ. ಕೊಡಬೇಕಾಯಿತು.

ನೂರಜಾನಬಿ ಬಾಗಿಲಿಗೆ ಬಂದು ಅವ್ವನ ದೃಷ್ಟಿ ತೆಗೆದು ಲಟಿಕೆ ಮುರಿದಳು. "ಸಂಭಾಳಿಸಿಕೊಂಡ ಹೋಗ್ರಿ ಅಕ್ಕಾ" ಎಂದು ಅವ್ವನಿಗೆ ಹೇಳಿ, ನನ್ನತ್ತ ತಿರುಗಿ, "ತಮ್ಮಾ, ಗಾಡಿ ಹೌಳ ಹೊಡಿ, ಸಾವಕಾಶ" ಅಂದಳು.

ಹುಬ್ಬಳ್ಳಿಯಿಂದ ಏರಿದೆವು. ಅವ್ವ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು, ಮೋಡ ಬಂದಾಗಲೆಲ್ಲ ತಲೆ ತಗ್ಗಿಸಿ, "ನಮ್ಮ ಮಂಗಳೂರು ಕಾಣ್ತೈತೇನ?" ಎಂದು ಕೇಳುತ್ತ, ಮಾದಲಿಯ ತೃಪ್ತಿಯಿಂದ ನಿದ್ದೆಹೋದಳು. ನಾನು ಒಂದು ಗುಂಡಿ ಒತ್ತಿ ವಿಂಧ್ಯವನ್ನು ದಾಟಿಸಿಬಿಟ್ಟೆ. ನನಗಿದ್ದ ಚಿಂತೆ ಗಾಳಿ ಮಳೆಯದಲ್ಲ. ಬೇರೆ ವಿಮಾನ ಬೀಳಬೇಕಾದರೆ ಇಂಜಿನ್ ಕೆಡಬೇಕು. ನಮ್ಮದು ಬೀಳಲು ಕುಷ್ಟಗಿಯಲ್ಲಿ ಕರೆಂಟು ಹೋದರೆ ಸಾಕು.

"ಅವ್ವಾ, ಏಳು. ಗಂಗಾ ಬಂತು."

ಅವ್ವ ಕಣ್ಣು ಬಿಟ್ಟಳು. ಕೆಳಗೆ ಕಂದು ಬಣ್ಣದ ಅಗಲವಾದ ನೀರು, ದಂಡೆಯುದ್ದಕ್ಕೂ ಮೆಟ್ಟಿಲು, ಶಿಖರಗಳು. ಅವ್ವ ಬೆರಳು ಹೋದ ಆ ಕಾಲನ್ನು ದಿಂಬಿನಿಂದ ಇಳಿಸಿ, ನೆಲಕ್ಕೆ ಊರಿ, ನೆಟ್ಟಗೆ ಕೂತಳು. ನಾನು ವಿಮಾನವನ್ನು ಗಂಭೀರವಾಗಿ ಇಳಿಸತೊಡಗಿದೆ. ನೀರಿನ ಮೇಲೆ ಇಳಿಯುವಾಗ ಗಾಲಿಗಳನ್ನು ಒಳಗೆ ಎಳೆದುಕೊಳ್ಳಬೇಕು ಎಂದು ಎಲ್ಲೋ ಓದಿದ್ದೆ. ಎಲ್ಲಿ ಓದಿದ್ದೆ ಎಂದು ನೆನಪಿಸಿಕೊಳ್ಳುವಷ್ಟರಲ್ಲಿ ಗಾಲಿ ನೀರಿಗೆ ಸಿಕ್ಕಿ, ವಿಮಾನ ಪಲ್ಟಿ ಹೊಡೆದು, ಮೂಗು ಕೆಳಗಾಗಿ ಗಂಗೆಯೊಳಗೆ ಇಳಿಯಿತು. ಪರದೆಯೆಲ್ಲ ನೀರು. ನಾವೆಲ್ಲ ಸತ್ತಿದ್ದೇವೆಂಬ ಸೂಚನೆ ಇಂಗ್ಲಿಷಿನಲ್ಲಿ ಮೂಡಿತು. ಅದರ ಮೇಲೆ ಟವೆಲ್ ಹಾಕಿದೆ.

"ಮುಳುಗಿದ್ವೇನೋ?"

"ಹೂನವ್ವ... ಒಂಚೂರು."

"ಮುಳುಗಲಿ ಬಿಡು. ಕಾಶ್ಯಾಗ ಸತ್ರ ಮುಕ್ತಿ."

ಶೈಲಜಾ ಸಮಯ ಕಳೆಯಲಿಲ್ಲ. ದೇವರ ಜಗಲಿಯಲ್ಲಿ ಯಾರೋ ತಂದುಕೊಟ್ಟು ವರ್ಷಗಳಿಂದ ಇದ್ದ ಗಂಗಾಜಲದ ಗಿಂಡಿಯ ಬೆಸುಗೆ ಒಡೆದು, ಅತ್ತೆಯ ನೆತ್ತಿಗೆ ಸುರಿದಳು. ಅವ್ವ ಒದ್ದೆ ಮುಖದಲ್ಲಿ ಕೈ ಮುಗಿದು ಕೂತಳು. ಸಮಯ ನೋಡಿ ನಾನು ಅಂದೆ: "ಅವ್ವಾ, ಈಗ ಇಷ್ಟದ್ದೊಂದು ಬಿಡು."

ಅವ್ವ ಕಣ್ಣು ಮುಚ್ಚಿದಳು. ತುಟಿ ಅಲುಗಿತು.

"ಬಿಟ್ಟೆ."

ಶೈಲಜಾ ಅತ್ತೇಬಿಟ್ಟಳು. ಹೇಳಿದಂತೆ ಕಂಪ್ಯೂಟರಿಗೆ ಆರತಿ ಎತ್ತಿ ಪರದೆಗೆ ಕುಂಕುಮ ಹಚ್ಚಿದಳು. "ನೀನೂ ಬಂದೀಯಲ್ಲೋ ಗುರು, ನೀನೂ ಬಿಡು" ಎಂದಳು ಅವ್ವ. ನಾನು ಕಣ್ಣು ಮುಚ್ಚಿ, ಅವಸರದಲ್ಲಿ ಕೈಗೆ ಸಿಕ್ಕ ಹಾಗಲಕಾಯಿಯನ್ನು ಬಿಟ್ಟೆ. ಅಷ್ಟರಲ್ಲಿ ಕುಕ್ಕರು ಸೀಟಿ ಹೊಡೆಯಿತು. ಶೈಲಜಾ ಏನನ್ನೂ ಬಿಡದೆ ಕಾಶಿಯಿಂದ ಅಡುಗೆಮನೆಗೆ ಓಡಿದಳು.

ಮರುದಿನ ಮಧ್ಯಾಹ್ನ ಅಂಗಡಿಯಿಂದ ಬಂದರೆ, ಅವ್ವ ನೂರಜಾನಬಿಯ ಬಟ್ಟಲು ಹಿಡಿದು ಶಾವಿಗೆ ಪಾಯಸ ಸುರಿಯುತ್ತಿದ್ದಳು.

"ಅವ್ವಾ! ಸಿಹಿ ಬಿಟ್ಟಿಯಲ್ಲ ನಿನ್ನೆ!"

"ಸಿಹಿ ಬಿಟ್ಟೆ ಅಂತ ಯಾರ ಅಂದ್ರು?"

"ಮತ್ತೇನ ಬಿಟ್ಟಿ?"

ಅವ್ವ ಚಮಚ ನೆಕ್ಕಿ, ಅದರಿಂದಲೇ ದಿಂಬಿನ ಕಡೆ ತೋರಿಸಿದಳು. "ಇದನ್ನ."

ನಾನು ದಿಂಬು ನೋಡಿದೆ. ದಿಂಬಿನ ಮೇಲೆ ಕಾಲು.

"ಇಷ್ಟದ್ದು ಬಿಡಬೇಕಲ್ಲಪಾ. ಸಿಹಿ ಏನು, ನಾಲಿಗಿ ಚಾಪಲ್ಯ. ಮಂಗಳೂರಿಂದ ಕುಕನೂರ ಸಂತಿಗೆ ಬುಟ್ಟಿ ಹೊತ್ತು ನಡದದ್ದು ಈ ಕಾಲು. ಸಾಲಿಗೆ ಹೋಗವಲ್ಲೆ ಅಂತ ನೀ ಓಡಿ ಹೋದಾಗ ಬೆನ್ನ ಹತ್ತಿ ಹಿಡದದ್ದು ಈ ಕಾಲು. ಡಾಕ್ಟರು ಬಾಗಲ ಹೊರಗ ನಿನಗ ಹೇಳಿದ್ದು ನನಗೂ ಕೇಳಿಸೇತಿ. ಹೋಗೂದಂತೂ ಐತಿ. ಅವರು ಕಸಗೊಂಡು ಒಯ್ಯೂಕಿಂತ, ನಾನ ಕೊಟ್ಟ ಬಂದೆ."

"ಅವ್ವಾ, ಅದು ಕಾಶಿ ಅಲ್ಲ! ಬರೇ ಆಟ! ಸೇಲಿನ್ಯಾಗ ತಂದದ್ದು!"

"ಖರೇ ಕಾಶಿ ಅಂತ ಆಣಿ ಮಾಡಿಸೀನಿ ನಿನ್ನ ಕಡಿಂದ." ಅವ್ವ ಬಟ್ಟಲು ಕೆಳಗಿಟ್ಟಳು. "ನೀ ಏನ ಬಿಟ್ಟಿ?"

ನಾನು ಬಟ್ಟಲು ಎತ್ತಿಡಲು ಬಗ್ಗಿದೆ.

"ಹೇಳಪಾ."

"ಹಾಗಲಕಾಯಿ."

"ನಾ ಕಾಲು ಬಿಟ್ಟೆ," ಅಂದಳು ಅವ್ವ. ಸಿಟ್ಟಿರಲಿಲ್ಲ, ಸಂತೆಯಲ್ಲಿ ತೂಕ ಹೇಳುವ ದನಿ. "ನೀ ಹಾಗಲಕಾಯಿ ಬಿಟ್ಟಿ."

ಬಾಗಿಲಲ್ಲಿ ನಿಂತಿದ್ದ ಶೈಲಜಾ ಬಂದು ಪರದೆಯ ಮೇಲಿನ ಕುಂಕುಮವನ್ನು ಸೆರಗಿನಿಂದ ಒರೆಸಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಾನೇ ಕಂಪ್ಯೂಟರಿನ ಮುಂದೆ ಹೋಗಿ, ಕೋಲಿನ ಮೇಲೆ ಕೈಯಿಟ್ಟು, ಇಬ್ಬರಿಗೂ ಕೇಳುವಂತೆ ಬಿಟ್ಟೆ. ಅಷ್ಟು ದಿನ ವಿಮಾನ ಬಿಡುತ್ತಿದ್ದವನು ಆ ದಿನ ವಿಮಾನ ಬಿಟ್ಟೆ. ಹಾಗಲಕಾಯಿಯನ್ನು ವಾಪಸ್ ಪಡೆದೆ.

ದಸರೆಯ ಹೊತ್ತಿಗೆ ಡಾಕ್ಟರು ಹೇಳಿದ್ದೇ ಆಯಿತು. ಕೊಪ್ಪಳದ ಆಸ್ಪತ್ರೆಯಲ್ಲಿ ಅವ್ವನನ್ನು ಒಳಗೆ ನೂಕಿಕೊಂಡು ಹೋಗುವಾಗ ಅವಳು ತಲೆಯೆತ್ತಿ, "ಸಾವಕಾಶ ಕೊಯ್ರಿ ಸಾಹೇಬ್ರ, ಅದು ನಂದಲ್ಲ, ದೇವರದು" ಅಂದಳು. ಡಾಕ್ಟರು ನನ್ನ ಕಡೆ ನೋಡಿದರು. ವಿವರಿಸಬೇಕೆಂದರೆ ಸಮುದ್ರವಿಮಾನದಿಂದ ಶುರು ಮಾಡಬೇಕಿತ್ತು. ನಾನು ಗೋಡೆ ನೋಡಿದೆ.

ಮನೆಗೆ ಬಂದ ಮೇಲೆ ಒಂದು ದಿನ ನೂರಜಾನಬಿ ಎಂದಿನಂತೆ ಬಟ್ಟಲು ತಂದಳು. ಅವ್ವ ಕೈ ಚಾಚಿದಳು. ಚಾಚಿದ ಕೈ ನಡುವೆ ನಿಂತಿತು.

"ಗುರು, ಇನ್ನೊಂದು ಕಾಲು ಐತಿ."

"ಹೂನವ್ವ."

"ಇದನ್ನ ನಾ ಯಾ ದೇವರಿಗೂ ಕೊಡಂಗಿಲ್ಲ. ಶ್ರೀಶೈಲಕ್ಕ ಹೋಗೂಣು ನಡಿ. ಅಲ್ಲಿ ಸಿಹಿ ಬಿಡ್ತೀನಿ."

ಶ್ರೀಶೈಲದ ಮಲ್ಲಯ್ಯನ ಬಳಿ ಹೀಗೆ ಬಿಡುವ ಪದ್ಧತಿ ಇಲ್ಲ ಎನ್ನುವಷ್ಟು ಮೂರ್ಖ ನಾನಲ್ಲ. ಒಂದೇ ಜಿಗಿತಕ್ಕೆ ಕಂಪ್ಯೂಟರಿನ ಕುರ್ಚಿಯತ್ತ ಹೋದೆ. ಶೈಲಜಾ ಅಡ್ಡ ನಿಂತಳು.

"ಕಾಶ್ಯಾಗ ಬಿಟ್ಟದ್ದನ್ನ ಮುಟ್ಟಬಾರದು."

"ಮತ್ತ ಓಡಸೋರು ಯಾರು?"

ಅವಳು ಸೆರಗು ಸಿಕ್ಕಿಸಿ ಕೂತಳು. ನಾನು ಅಂಗಡಿಯಲ್ಲಿದ್ದ ಮಧ್ಯಾಹ್ನಗಳಲ್ಲಿ ಮನೆಯಲ್ಲಿ ಏನು ನಡೆಯುತ್ತಿತ್ತೆಂದು ಆಗ ತಿಳಿಯಿತು. ಪರದೆಯ ಮೇಲೆ, ನಾನೆಂದೂ ಕಾಣದ ಒಂದು ಹೆಲಿಕಾಪ್ಟರು.

"ಇದೆಲ್ಲಿಂದ ಬಂತು?"

"ಗುಡ್ಡದ ಮ್ಯಾಲೆ ನಿಮ್ಮ ದೋಣಿ ನಡಿಯಂಗಿಲ್ಲರಿ. ಅದಕ್ಕ ತಗೊಂಡೆ." ಸ್ವಲ್ಪ ನಾಚಿದಳು. "ರಿಯಾಯಿತಿ ಇತ್ತು. ಮಿಕ್ಸರ್ ಇದ್ದಂಗ ಐತಿ, ಮುಚ್ಚಳ ಗಟ್ಟಿ ಹಿಡಕೊಂಡ್ರ ಸಾಕು."

ನನಗೆ ಹಿಂದಿನ ಸೀಟು ಸಿಕ್ಕಿತು. ಎಂದರೆ ನೆಲದ ಮೇಲಿನ ಚಾಪೆ. ತೊಡೆಯ ಮೇಲೆ ಬುತ್ತಿಯ ಗಂಟು. ನಲ್ಲಮಲದ ಕಾಡು ದಾಟಿ, ಒಲೆಯಿಂದ ಹಾಲಿನ ಪಾತ್ರೆ ಇಳಿಸುವ ಹಾಗೆ, ಒಂದು ಹನಿಯೂ ತುಳುಕದಂತೆ ಅವಳು ಶ್ರೀಶೈಲದಲ್ಲಿ ಇಳಿಸಿದಳು. ಅವ್ವ ಕಣ್ಣು ಮುಚ್ಚಲಿಲ್ಲ. ಕಂಪೌಂಡಿನಾಚೆ ನೂರಜಾನಬಿಗೂ ಕೇಳುವಂತೆ ಕೂಗಿ ಹೇಳಿದಳು: "ಸಿಹಿ ಬಿಟ್ಟೆ!"

ಆಮೇಲೆ ಶೈಲಜಾ ಬುತ್ತಿ ಬಿಚ್ಚಿದಳು. ಮಾದಲಿ ಇರಲಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮತ್ತು ಡಾಕ್ಟರು ಸಕ್ಕರೆ ಕಾಯಿಲೆಗೆ ಬಲು ಒಳ್ಳೆಯದೆಂದು ಹೇಳಿದ್ದ ಹಾಗಲಕಾಯಿ ಪಲ್ಯ. ನನ್ನ ತಟ್ಟೆಗೆ ಎರಡು ಸೌಟು ಬಿತ್ತು.

"ನನಗ ಇದು ಸೇರಂಗಿಲ್ಲಂತ ಗೊತ್ತಿಲ್ಲೇನು?"

"ಸೇರಂಗಿಲ್ಲ ಖರೇ. ಆದ್ರ ಬಿಟ್ಟಿಲ್ಲಲ್ಲ?" ಅಂದಳು ಪೈಲಟ್.

ಅವ್ವ ತನ್ನ ಪಾಲನ್ನು ಮುಖ ಕಿವುಚದೆ ತಿಂದು ಮುಗಿಸಿದಳು. ಆಮೇಲೆ ನನ್ನ ತಟ್ಟೆ ಖಾಲಿಯಾಗುವವರೆಗೂ, ಉಳಿದ ಒಂದು ಕಾಲನ್ನು ಆಡಿಸುತ್ತ, ನನ್ನನ್ನೇ ನೋಡುತ್ತ ಕೂತಳು.