ವಜೀರನ ಸ್ಪೀಕರು, ಅಜ್ಜನ ಹತ್ತಿ

ಅಂಗಡಿಯಲ್ಲಿ ಸ್ಪೀಕರು ಕೊಳ್ಳುವುದು ಕೈಲಾಗದವರ ಕೆಲಸ ಎಂದು ವಜೀರ್ ನದಾಫ್ ಘೋಷಿಸಿದ್ದು ಮಿಲ್ಪಿಟಾಸ್‌ನ ತನ್ನ ಮನೆಯ ಊಟದ ಮೇಜಿನ ಮುಂದೆ, ಬಾಯಲ್ಲಿ ರೊಟ್ಟಿ ತುಂಬಿಕೊಂಡು. ಹೆಂಡತಿ ನೂರುನ್ನಿಸಾ ಆಗಷ್ಟೇ ಫೋನಿನಲ್ಲಿ ಒಂದು ಜೋಡಿ ಪುಟ್ಟ ಸ್ಪೀಕರು ಆರಿಸಿ, ಆರ್ಡರು ಮಾಡಲು ಬೆರಳೆತ್ತಿದ್ದಳು.

"ತೆಗಿ ಬೆರಳು!" ಎಂದ ವಜೀರ್. "ಅದರ ಕಾಲುಭಾಗ ಖರ್ಚಿನಾಗ ನಾ ಮಾಡ್ತೀನಿ. ಕಟಗಿ, ಅಂಟು, ಎರಡು ವಾಯರು. ಅದರಾಗೇನೈತಿ?"

"ಈ ಮನ್ಯಾಗ ನಿಮ್ಮ ಕೈಲೆ ಮಾಡಿದ್ದು ಒಂದ ಐತ್ರಿ, ಬಚ್ಚಲದಾಗಿನ ಗೂಟ. ಟಾವೆಲ್ ಹಾಕಿದ್ರ ಗೂಟಾ ಸಮೇತ ಬೀಳತೈತಿ."

"ಟಾವೆಲ್ ಭಾಳ ಒಜ್ಜಿ ಐತಿ!"

ಸ್ಯಾನ್ ಹೊಸೆಯ ಆಫೀಸಿನಲ್ಲಿ ವಜೀರನದು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಹುಡುಕಿ, ತಾನೇ ಏನಾದರೂ ಮಾಡಿದರೆ ಅದರಲ್ಲಿ ತಪ್ಪೇ ಇರಲಾರದು ಎಂಬ ನಂಬಿಕೆ ಅವನಲ್ಲಿ ಗಟ್ಟಿಯಾಗಿ ಬೇರೂರಿತ್ತು.

ಸ್ಪೀಕರು ಬೇಕಾಗಿದ್ದದ್ದು ಅವ್ವನಿಗೆ. ರಾಣೆಬೆನ್ನೂರಿನಿಂದ ಬಂದು ಮೊಮ್ಮಗಳು ರಮ್ಶಾಳ ಜೊತೆ ಬೇಸಿಗೆ ಕಳೆಯುತ್ತಿದ್ದ ಆಕೆಗೆ ಈ ಸಲದ ಮೊಹರಮ್ ತಪ್ಪಿತ್ತು. ಊರಲ್ಲಿ ಪ್ರತಿ ಮೊಹರಮ್‌ಗೂ ರಿವಾಯತ ಪದ ಹಾಡುವವನು ಅವ್ವನ ತಮ್ಮ. ಅಕ್ಕ ಎದುರಿಗಿಲ್ಲವಲ್ಲ ಎಂದು ಪದವನ್ನು ರೆಕಾರ್ಡು ಮಾಡಿ ಕಳಿಸಿದ್ದ. ಅವ್ವನ ಕಿವಿ ಸ್ವಲ್ಪ ಮಂದ. ಫೋನನ್ನು ಕಿವಿಗೆ ಒತ್ತಿ ಹಿಡಿದು, "ದನಿ ಬರತೈತಿ, ಮಾತು ತಿಳಿವಲ್ದು" ಎನ್ನುತ್ತಿದ್ದಳು. ಊರಿಗೆ ಹೊರಡುವ ದಿನ ಹತ್ತಿರ ಬಂದಿತ್ತು. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ತಮ್ಮ ಕೇಳುವ ಮೊದಲ ಪ್ರಶ್ನೆ, ಪದ ಹೆಂಗಿತ್ತು ಎಂದು. ಅವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ!

"ಅವ್ವಾ, ಐತವಾರ ಮಾಮಾನ ದನಿ ಈ ಮೂಲ್ಯಾಗ ನಿಂತು ಹಾಡಿದಂಗ ಕೇಳಸ್ತೀನಿ" ಎಂದು ವಜೀರ್ ಮಾತು ಕೊಟ್ಟ. ಅಷ್ಟಕ್ಕೆ ನಿಂತನೇ? ಅಲ್ಲೇ ಹತ್ತಿರದ ಡಬ್ಲಿನ್‌ನಲ್ಲಿದ್ದ ಗೆಳೆಯ ಜಗನ್ ಮತ್ತವನ ಹೆಂಡತಿ ಬಿಂದುಶ್ರೀಯನ್ನೂ ಉದ್ಘಾಟನೆಗೆಂದು ಊಟಕ್ಕೆ ಕರೆದುಬಿಟ್ಟ.

ಗರಾಜು ಕಾರ್ಖಾನೆಯಾಯಿತು. ಹಲಗೆಗಳನ್ನು ಅಂಗಡಿಯವರೇ ಅಳತೆಗೆ ಕೊಯ್ದುಕೊಟ್ಟಿದ್ದರು, ಅದು ದೇವರ ದಯೆ. ಅಂಟು ಹಚ್ಚಿದ ಮೇಲೆ ಬಿಗಿಹಿಡಿಯುವ ಕ್ಲ್ಯಾಂಪು ಇರಲಿಲ್ಲ. ಒಂದು ಪೆಟ್ಟಿಗೆಯ ಮೇಲೆ ಸೋನಾ ಮಸೂರಿ ಮೂಟೆ ಏರಿತು. ಇನ್ನೊಂದರ ಮೇಲೆ ರಮ್ಶಾಳನ್ನು ಕೂರಿಸಿದ.

"ಡ್ಯಾಡ್, ಆಮ್ ಐ ಅ ಟೂಲ್?"

"ಅಲ್ಲವ್ವಾ, ನೀ ಇಂಜಿನಿಯರು. ಅಲುಗಾಡಬ್ಯಾಡ!"

ಹೀಗೆ ಪೆಟ್ಟಿಗೆ ನಿಂತವು. ಸ್ವಲ್ಪ ಎಡಕ್ಕೆ ವಾಲಿಕೊಂಡು, ಆದರೆ ನಿಂತವು. ಇಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ವಿಡಿಯೊದಲ್ಲಿ ಪಾಠ ಹೇಳುವ ಗಡ್ಡದವನು ಕೊನೆಗೊಂದು ಮಾತು ಸೇರಿಸಿದ: ದನಿ ಗುಂಯ್ ಎನ್ನದಂತೆ ಪೆಟ್ಟಿಗೆಯೊಳಗೆ ಒಂದು ಹಿಡಿ ಪಾಲಿಯೆಸ್ಟರ್ ನಾರನ್ನು ಸಡಿಲವಾಗಿ ಇಡಿ.

ಪಾಲಿಯೆಸ್ಟರ್! ಒಂದು ಹಿಡಿ! ವಜೀರನ ಮೀಸೆ ನೆಟ್ಟಗಾಯಿತು. ಅವನ ಅಜ್ಜ ಬಿಲ್ಲು ಹಿಡಿದು ಹತ್ತಿ ಹಿಂಜಿ ಗಾದಿ ಮಾಡುತ್ತಿದ್ದವನು. ರಾಣೆಬೆನ್ನೂರಿನ ಅರ್ಧ ಊರು ಅವನ ಗಾದಿಯ ಮೇಲೆ ಮಲಗಿ ಎದ್ದಿತ್ತು.

"ಏನರೆ ತುಂಬೂದು ನಮಗ ಇವ ಕಲಸ್ತಾನ?" ಎಂದು ಗುಡುಗಿದ. "ಹತ್ತಿ ನಮ್ಮ ರಕ್ತದಾಗ ಐತಿ!"

"ರಕ್ತದಾಗ ಇದ್ರ ಇರಲ್ರಿ, ಪೆಟಗ್ಯಾಗ ಅವ ಹೇಳಿದಷ್ಟ ಹಾಕ್ರಿ" ಎಂದಳು ನೂರುನ್ನಿಸಾ. ಕೇಳಲು ವಜೀರ್ ಅಲ್ಲಿರಲಿಲ್ಲ. ಹತ್ತಿ ತರಲು ಹೋಗಿದ್ದ.

ಮೂಟೆಗಟ್ಟಲೆ ಅಪ್ಪಟ ಹತ್ತಿ ಬಂತು. ಹಿಂಜಲು ಅಜ್ಜನ ಬಿಲ್ಲು ಎಲ್ಲಿಂದ ಬರಬೇಕು? ಬ್ಯಾಡ್ಮಿಂಟನ್ ರ‍್ಯಾಕೆಟ್ಟು ಹಿಡಿದು ಬಡಿಯತೊಡಗಿದ. ಹತ್ತಿ ಎದ್ದಿತು, ಹಾರಿತು, ತೆರೆದ ಗರಾಜಿನಿಂದ ಬೀದಿಗಿಳಿಯಿತು. ಹಿಮ ಕಾಣದ ಮಿಲ್ಪಿಟಾಸ್‌ನಲ್ಲಿ ಆ ಮಧ್ಯಾಹ್ನ ಹಿಮ ಬಿತ್ತು! ಪಕ್ಕದ ಮನೆಯವರು ತಮ್ಮ ಕಪ್ಪು ಕಾರು ಬೆಳ್ಳಗಾದದ್ದನ್ನು ನೋಡಿ, ನಿಮ್ಮಲ್ಲಿ ಕುರಿ ಸಾಕಿದ್ದೀರಾ ಎಂದು ಬಹಳ ವಿನಯದಿಂದ ವಿಚಾರಿಸಿಕೊಂಡು ಹೋದರು. ವಜೀರ್ ನಿಲ್ಲಿಸಲಿಲ್ಲ. ಹಿಂಜಿದ ಹತ್ತಿಯನ್ನು ಪೆಟ್ಟಿಗೆಗೆ ತುಂಬಿದ, ಮೊಣಕಾಲೂರಿ ಒತ್ತಿದ, ಮತ್ತೆ ತುಂಬಿದ. ಹಿಂದಿನ ಹಲಗೆಗೆ ಸ್ಕ್ರೂ ಹಾಕಬೇಕಿತ್ತು. ಹೆಚ್ಚು ಗಟ್ಟಿಯಾಗಲೆಂದು ಕಾಯಂ ಆಗಿ ಅಂಟಿಸಿಯೇ ಬಿಟ್ಟ.

ಭಾನುವಾರ ಬಂತು. ಜಗನ್, ಬಿಂದುಶ್ರೀ ಸೋಫಾದಲ್ಲಿ ಕುಳಿತರು. ಅವ್ವ ತಲೆಯ ಮೇಲೆ ಸೆರಗು ಹೊದ್ದು ಎದುರಿಗೇ ಕುಳಿತಳು. ಪುಸ್ತಕದ ಕಪಾಟಿನ ಮೇಲೆ ಸ್ಪೀಕರುಗಳು ಮದುಮಕ್ಕಳಂತೆ ಮೆರೆಯುತ್ತಿದ್ದವು. ವಜೀರ್ ಎರಡು ಮಾತಿನ ಭಾಷಣ ಮುಗಿಸಿ ಗುಂಡಿ ಒತ್ತಿದ.

"ಊಂ... ಬೂಂ... ಊಂ..."

"ಶುರು ಆಯ್ತಾ ಗುರು?" ಎಂದ ಜಗನ್.

ವಜೀರ್ ವಾಲ್ಯೂಮು ಪೂರ್ತಿ ಏರಿಸಿದ. ಕಪಾಟು ನಡುಗಿತು. ದನಿ ಮಾತ್ರ ಹೊರಗೆ ಬರಲಿಲ್ಲ. ಅವ್ವ ಮುಂದೆ ಬಾಗಿ, ಕಿವಿಗೆ ಅಂಗೈ ಹಿಡಿದು ಬಹಳ ಹೊತ್ತು ಕೇಳಿದಳು. ಅವಳ ಮುಖ ಸಣ್ಣದಾಯಿತು.

"ಇವಾ ಯಾಕ ಗಾದಿ ಹೊತಗೊಂಡು ಹಾಡಾಕತ್ತಾನ?"

ಗಾದಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನೂರುನ್ನಿಸಾ ಗಂಡನ ಕಡೆ ತಿರುಗಿದಳು.

"ಎಷ್ಟು ಹತ್ತಿ ತುಂಬೀರಿ?"

"ಒಂದು... ಹಿಡಿ."

"ಯಾರ ಹಿಡಿ? ಆನೀದ?"

ಹತ್ತಿಯ ಒತ್ತಡಕ್ಕೆ ಒಳಗಿನ ಸ್ಪೀಕರು ಉಸಿರಾಡುವಂತಿರಲಿಲ್ಲ. ಹಿಂದಿನ ಹಲಗೆ ಈ ಜನ್ಮದಲ್ಲಿ ಬಿಚ್ಚುವಂತಿರಲಿಲ್ಲ. ಉಳಿದ ದಾರಿ ಒಂದೇ. ಪೆಟ್ಟಿಗೆಯ ಮುಂಭಾಗದ ದುಂಡು ಸ್ಪೀಕರು ಕಳಚಿ, ಆ ತೂತಿನಿಂದ ಹತ್ತಿ ಎಳೆಯುವುದು. ವಜೀರ್ ಕೈ ತೂರಿಸಿದ. ಕೈ ಹೋಯಿತು. ಹತ್ತಿ ಹಿಡಿದ ಮುಷ್ಟಿ ಹೊರಗೆ ಬರಲೊಲ್ಲದು! ಜಗನ್ ಪೆಟ್ಟಿಗೆ ಎಳೆದ, ಬಿಂದುಶ್ರೀ ಜಗನ್‌ನನ್ನು ಎಳೆದಳು.

"ಹತ್ತಿ ಬಿಡ್ರಿ, ಕೈ ಬರತೈತಿ!" ಎಂದು ನೂರುನ್ನಿಸಾ ಕೂಗಿದಳು.

ಬಿಟ್ಟ. ಬಂತು. ಆಮೇಲೆ ನೂರುನ್ನಿಸಾಳೇ ಬಳೆ ತೆಗೆದಿಟ್ಟು, ತನ್ನ ಸಣ್ಣ ಕೈ ಹಾಕಿ, ಚೂರು ಚೂರೇ ಎಳೆಯತೊಡಗಿದಳು. ಹತ್ತಿ ಮುಗಿಯಲೇ ಇಲ್ಲ. ಅವ್ವ ಕೆಳಗೆ ಕುಳಿತು ಅದನ್ನೆಲ್ಲ ಸೀರೆಯ ಮಡಿಲಿಗೆ ಬಳಿದುಕೊಂಡು, "ಲೇ ವಜೀರಾ, ದಿಂಬಿನ ಕವರು ಇದ್ರ ತಾ. ಇಂಥಾ ಹತ್ತಿ ಕಸಕ್ಕ ಹಾಕಬ್ಯಾಡ" ಎಂದಳು.

ಕವರು ಹುಡುಕಲು ಮಲಗುವ ಕೋಣೆಯ ಕಪಾಟು ತೆರೆದ ವಜೀರ್ ಅಲ್ಲೇ ನಿಂತುಬಿಟ್ಟ. ಚಾದರಗಳ ಹಿಂದೆ ಅಂಗಡಿಯ ಡಬ್ಬಿ ಇತ್ತು. ಅವತ್ತು ಊಟದ ಮೇಜಿನ ಮುಂದೆ ಬೇಡವೆಂದಿದ್ದ ಅದೇ ಸ್ಪೀಕರು. ಸೀಲೂ ಒಡೆದಿರಲಿಲ್ಲ. ಬೂಂ ಎಂದ ಕ್ಷಣವೇ ನೂರುನ್ನಿಸಾ ಇದನ್ನು ತಂದು ಎಲ್ಲರ ಮುಂದಿಟ್ಟು ಗೆಲ್ಲಬಹುದಿತ್ತು. ಅವಳು ಬಳೆ ತೆಗೆದಿಟ್ಟಿದ್ದಳು.

ಹೊರಗೆ ಬಂದು ಅವಳ ಪಕ್ಕ ಮೆಲ್ಲಗೆ ಕುಳಿತ.

"ಕವರು ಸಿಕ್ತ?"

"ಸಿಕ್ತು. ಇನ್ನೊಂದೂ ಸಿಕ್ತು."

"ಅದು ನಾಳೆ ವಾಪಸ್ ಹೋಗತೈತಿ. ಪೆಟಗಿ ಬಿಗಿ ಹಿಡೀರಿ."

ಕೊನೆಗೆ ಎರಡೂ ಪೆಟ್ಟಿಗೆಯೊಳಗೆ ಉಳಿದದ್ದು ಒಂದೊಂದು ಹಿಡಿ. ಗಡ್ಡದವನು ಹೇಳಿದ ಹಿಡಿ! ಸ್ಪೀಕರುಗಳು ಮತ್ತೆ ಕೂತವು. ವಜೀರ್ ಈ ಸಲ ಭಾಷಣ ಮಾಡಲಿಲ್ಲ, ಕಣ್ಣು ಮುಚ್ಚಿ ಗುಂಡಿ ಒತ್ತಿದ.

ಮಾಮಾ ಮೂಲೆಯಲ್ಲಿ ನಿಂತು ಹಾಡಿದ! ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿತು. ಅವ್ವನ ಕಣ್ಣಲ್ಲಿ ನೀರು ಬಂತು. ನಡುವೆ ಮಾಮಾ ಕೆಮ್ಮಿದ್ದೇ ತಡ, ಅವ್ವ ಪೆಟ್ಟಿಗೆಗೇ ಗದರಿದಳು: "ಲೇ ತಮ್ಮಾ, ಆ ಕೆಮ್ಮಿಗೆ ಔಷಧ ತಗೋ ಅಂತ ಹೇಳಿರಲಿಲ್ಲೇನು?"

ಅವ್ವನ ಮಂದ ಕಿವಿಗೆ ಕೆಮ್ಮೂ ಮುಟ್ಟಿತ್ತು. ಹೆಂಡತಿ, ಗೆಳೆಯರು, ಗಡ್ಡದವನು, ಹಲಗೆ ಕೊಯ್ದವನು, ಎಲ್ಲರಿಗೂ ವಜೀರ್ ಮನಸ್ಸಿನಲ್ಲೇ ಕೈಮುಗಿದ. ಮೆಚ್ಚುಗೆ ಕೇಳೋಣವೆಂದು ತಿರುಗಿದರೆ ಜಗನ್, ಅವ್ವ ಆಗಲೇ ಹತ್ತಿ ತುಂಬಿ ಮುಗಿಸಿದ್ದ ಎರಡು ದಿಂಬುಗಳಲ್ಲಿ ಒಂದಕ್ಕೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದ.

"ತಿಂಗಳುಗಟ್ಟಲೆ ಆಗಿತ್ತು ಇವರು ಹಿಂಗೆ ನಿದ್ದೆ ಮಾಡಿ! ಈ ದಿಂಬು ನಾನು ಮನೆಗೆ ತಗೊಂಡು ಹೋಗ್ತೀನಿ" ಎಂದು ಬಿಂದುಶ್ರೀ ಪಿಸುಗುಟ್ಟಿದಳು. ಸ್ಪೀಕರಿನ ಬಗ್ಗೆ ಒಂದು ಮಾತೂ ಇಲ್ಲ!

ಅವ್ವ ಇನ್ನೊಂದು ದಿಂಬನ್ನು ಕಂಕುಳಲ್ಲಿಟ್ಟುಕೊಂಡೇ ವಿಮಾನ ಹತ್ತಿದಳು. ಅವಳು ಊರು ಮುಟ್ಟಿದ ಮೇಲೆ ಮಾಮಾನ ಫೋನು ಬಂತು.

"ಅಳಿಯಾ, ಅಕ್ಕ ಪದಾ ಪೂರ್ತಿ ಒಪ್ಪಿಸಿದಳು. ನನ್ನ ಕೆಮ್ಮಿಗೂ ಬೈದಳು."

ವಜೀರ್ ಎದೆಯುಬ್ಬಿಸಿದ. "ನನ್ನ ಕೈಯಾರ ಮಾಡಿದ್ದು ಮಾಮಾ. ನಿಮಗೂ ಒಂದು ಜೋಡಿ ಕಳಸ್ಲೇನು?"

"ಕಳಸಪಾ, ಪುಣ್ಯಾ ಬರತೈತಿ. ಅಕ್ಕನ ದಿಂಬಿಗೆ ತಲಿ ಇಟ್ಟು ನೋಡೀನಿ, ನಿನ್ನ ಅಜ್ಜನ ಕೈ! ಪೆಟಗಿ ಬ್ಯಾಡ, ಬರೇ ದಿಂಬ ಕಳಸು."