‘ಗಿವ್ ಇನ್’ ಎಂಬುದರ ಪ್ರಯೋಗ

ಇಂಗ್ಲಿಷಿನಲ್ಲಿ ‘ಗಿವ್ ಇನ್’ ಎಂದೊಂದು ಮಾತಿದೆ. ‘ಗಿವ್’ ಎಂದರೆ ಕೊಡು, ‘ಇನ್’ ಎಂದರೆ ಒಳಗೆ. ಎರಡೂ ಕೂಡಿದರೆ ಕೊಡುವುದೂ ಇಲ್ಲ, ಒಳಗೂ ಇಲ್ಲ, ‘ಆಯಿತಪ್ಪ, ನಿನ್ನ ಮಾತೇ ನಡೆಯಲಿ’ ಎಂದರ್ಥ. ಬೈಲಹೊಂಗಲದ ಸಾಲೆಯಲ್ಲಿ ಹುಡುಗರಿಗೆ ಇದನ್ನು ಕಲಿಸುವುದು ನನ್ನ ಕೆಲಸ. ಅರ್ಥ ಹೇಳಬಲ್ಲೆ, ಪ್ರಯೋಗ ಮಾತ್ರ ರೂಢಿಯಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ನಾನು ಕಲಿತದ್ದೆಲ್ಲ ಅದಕ್ಕೆ ವಿರುದ್ಧವಾದದ್ದು.

ಆ ವಿದ್ಯೆಯನ್ನು ಮನೆಯಲ್ಲಿ ತೋರಿಸಿದಾಗ ತೊಂದರೆ ಸುರುವಾಯಿತು. ಒಂದು ಸೋಮವಾರ ಊಟಕ್ಕೆ ಬಂದವರ ಎದುರಿಗೆ, ನನ್ನ ಹೆಂಡತಿಯ ಉಪವಾಸದಿಂದ ಶಿವನಿಗೆ ಯಾವ ಲಾಭವೂ ಇಲ್ಲವೆಂದು ಸಿದ್ಧಮಾಡಿ ತೋರಿಸಿದೆ. ಆಕೆ ಮರುದಿನ ನೇಸರಗಿಯ ತವರಿಗೆ ಹೋಗಿಬಿಟ್ಟಳು. ನಮ್ಮ ಕಡೆ ಹಾಗೆ ಹೋದ ಹೆಣ್ಣುಮಗಳು, ಗಂಡನ ಮನೆಯವರು ಹೋಗಿ ಕರೆಯದೆ ತಿರುಗಿ ಬರುವುದಿಲ್ಲ. ತಾನಾಗಿ ಹೋದವಳು ತಾನಾಗಿ ಬರುವುದೇ ನ್ಯಾಯವೆಂದು ನಾನು ವಾದಿಸಿದೆ. ಅವ್ವ ಹಿಟ್ಟಿನ ಪರಾತವನ್ನು ನನ್ನ ಮುಂದೆ ಸರಿಸಿದಳು.

“ವಾದ ಗೆದ್ದಿಯಲ್ಲ, ಈಗ ರೊಟ್ಟೀನೂ ನೀನ ಬಡಿ.”

ಬಡಿದೆ. ತಿಂದೂ ನೋಡಿದೆ. ‘ಗಿವ್ ಇನ್’ ಹುಟ್ಟಿದ ಬಗೆಯನ್ನು ಪಂಡಿತರು ಹೇಗೆ ಹೇಳುತ್ತಾರೋ ಕಾಣೆ; ಹಟಮಾರಿಯಾದ ಯಾವನೋ ಆಂಗ್ಲ ಗಂಡ ತಾನು ಮಾಡಿದ ರೊಟ್ಟಿಯನ್ನು ತಾನೇ ತಿಂದ ದಿನ ಅದು ಹುಟ್ಟಿರಬೇಕೆಂದು ನನ್ನ ಊಹೆ. ರವಿವಾರ ಗಾಡಿ ಹೂಡಿಸಿದೆ.

ನೇಸರಗಿಯಲ್ಲಿ ಮಾವ ಕಾಲಿಗೆ ನೀರು ಕೊಟ್ಟರು, ಮಳೆ-ಬೆಳೆಯ ಮಾತಾಡಿದರು, ಬಂದ ಕಾರಣ ಮಾತ್ರ ಕೇಳಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ವಾದಕ್ಕೆ ಎದುರಾಳಿಯೇ ಸಿಗಲಿಲ್ಲ. ಹೊತ್ತು ಇಳಿಯತೊಡಗಿದಾಗ ಬಾಗಿಲ ಮರೆಯಿಂದ ಹೆಂಡತಿಯೇ ಕೇಳಿದಳು:

“ಯಾಕ ಬಂದ್ರಿ?”

“ಜ್ವಾಳ ಹೆಂಗದಾವ ನೋಡಾಕ,” ಎಂದೆ.

“ಹಂಗಾರ ನೋಡಿ ಹೋಗ್ರಿ. ಅಪ್ಪಾ, ಇವ್ರಿಗೆ ಹೊಲ ತೋರ್ಸು.”

ಮಾವ ನಿಜವಾಗಿಯೂ ರುಮಾಲು ಸುತ್ತಿಕೊಳ್ಳತೊಡಗಿದರು. ಹೊಲಕ್ಕೆ ಹೋದೆನೆಂದರೆ ಅಲ್ಲಿಂದ ನಾನೊಬ್ಬನೇ ಊರಿಗೆ ಮರಳಬೇಕು. ನೆಲ ನೋಡುತ್ತ ಹೇಳಿದೆ:

“ನಿನ್ನ ಕರಿಯಾಕ ಬಂದೇನಿ. ನಡಿ.”

“ಮತ್ತ ನನ್ನ ಉಪಾಸ?”

“ಮಾಡಕೋ. ನಾ ಏನೂ ಅನ್ನಂಗಿಲ್ಲ.”

ಆಕೆ ಗಂಟು ಹಿಡಿದು ಹೊರಗೆ ಬಂದಳು.

ಗಾಡಿ ಊರು ದಾಟುತ್ತಲೇ ನಾನು, ಕರೆಯಲು ಹೋಗುವುದು ಬೇರೆ, ಸೋಲುವುದು ಬೇರೆ ಎಂದು ವಿವರಿಸಿದೆ. “ಹೌದ್ರಿ,” ಎಂದಳು. ಹೆಂಗಸರ ಮೇಲಿನ ದಯೆಯನ್ನು ಸೋಲೆಂದು ತಿಳಿಯುವುದು ತರ್ಕದೋಷ ಎಂದೆ. ಅದಕ್ಕೂ “ಹೌದ್ರಿ” ಎಂದಳು. ಹೀಗೆ ಬೈಲಹೊಂಗಲದವರೆಗೆ ಒಂದೊಂದೇ ಅಂಶವನ್ನು ಗೆಲ್ಲುತ್ತ ಬಂದೆ. ನಾನು ಎತ್ತುಗಳ ಕಡೆ ಮುಖಮಾಡಿ ಕುಳಿತಿದ್ದೆ. ತಿರುಗಿ ಅವಳ ಮುಖ ನೋಡುವ ಧೈರ್ಯವೊಂದು ಬರಲಿಲ್ಲ.